‘ಚೆನ್ನಾಗಿದ್ದೇನೆ’ ಎಂಬ ಅರ್ಧಸತ್ಯ

ಕ್ವಾಲಾಲಂಪುರದ ಕೆಲಾನಾ ಜಯ ಮಾರ್ಗದ ಎಲ್‌ಆರ್‌ಟಿ ರೈಲಿನಲ್ಲಿ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಓದುತ್ತಿದ್ದೆ. ಇಳಿಯಬೇಕಾದ ನಿಲ್ದಾಣ ದಾಟಿ ಹೋದದ್ದೇ ತಿಳಿಯಲಿಲ್ಲ. 2013ರಲ್ಲಿ ಪ್ರಕಟವಾಗಿ, ಶ್ರೀನಾಥ್ ಪೆರೂರ್ ಅವರ ಇಂಗ್ಲಿಷ್ ಅನುವಾದದ ಮೂಲಕ ಹೊರದೇಶದ ಓದುಗರನ್ನೂ ತಲುಪಿದ ಈ ಕಿರುಕಾದಂಬರಿಯ ಓಟವೇ ಅಂಥದು.

ಕಥೆ ಹೇಳುವವನಿಗೆ ಹೆಸರಿಲ್ಲ. ಬೆಂಗಳೂರಿನ ಕಾಫಿ ಹೌಸ್‌ನಲ್ಲಿ ಕುಳಿತು ಮನೆಯ ಸಂಗತಿಗಳನ್ನು ಬಿಚ್ಚಿಡುತ್ತಾನೆ: ಇರುವೆಗಳ ಕಾಟದ ಹಳೆಯ ಮನೆ, ಚಿಕ್ಕಪ್ಪನ ‘ಸೋನಾ ಮಸಾಲಾ’ ವ್ಯಾಪಾರ, ಒಮ್ಮೆಲೇ ಕೂಡಿಬಂದ ಸಿರಿತನ. ಅವನಿಗೆ ಕಂಪನಿಯಲ್ಲಿ ಹುದ್ದೆಯಿದೆ, ಸಂಬಳವಿದೆ. ಕೆಲಸ ಮಾತ್ರ ಇಲ್ಲ. ಚಿಕ್ಕಪ್ಪನನ್ನು ಅರಸಿ ಬಂದ ಹೆಂಗಸನ್ನು ಮನೆಯವರು ಬೈದು ಅಟ್ಟುವಾಗ ಅವನು ಸುಮ್ಮನಿರುತ್ತಾನೆ. ದುಡಿಯುವವನ ಎದುರು ದನಿಯೆತ್ತುವ ಶಕ್ತಿ ಅವನಿಗಿಲ್ಲ. ಅವನು ಸುಳ್ಳು ಹೇಳುವುದು ಕಡಿಮೆ. ಮುಖ್ಯವಾದದ್ದನ್ನು ಪಕ್ಕಕ್ಕೆ ಸರಿಸುವುದೇ ಹೆಚ್ಚು. ಅದನ್ನು ಓದುಗರೇ ಹುಡುಕಿಕೊಳ್ಳಬೇಕು.

ಓದಿ ಮುಗಿಸಿದಾಗ ಅವನ ಮೇಲೆ ಸಿಟ್ಟು ಬಂದಿತ್ತು. ಆ ಭಾನುವಾರ ಅಮ್ಮನಿಗೆ ಕರೆ ಮಾಡಿದೆ. ಇಲ್ಲಿನ ಗಡಿಯಾರ ಊರಿಗಿಂತ ಎರಡೂವರೆ ಗಂಟೆ ಮುಂದೆ. ನನಗೆ ಊಟದ ಹೊತ್ತು, ಅಲ್ಲಿ ತಿಂಡಿಯ ಹೊತ್ತು. “ಹೇಗಿದ್ದೀಯೇ?” ಎಂದಳು. “ಚೆನ್ನಾಗಿದ್ದೇನಮ್ಮಾ, ಮನೆ ದೊಡ್ಡದಾಗಿದೆ, ಕೆಳಗೇ ಈಜುಕೊಳವಿದೆ” ಎಂದೆ. ಒಂದೂ ಸುಳ್ಳಲ್ಲ. ಆದರೆ ಕಾದಂಬರಿಯ ಆ ದನಿ ನನ್ನ ಬಾಯಿಂದಲೇ ಹೊರಟಂತೆ ಕೇಳಿಸಿತು.

ಉದ್ಯೋಗ ಪಾಸಿನ ಮೇಲೆ ಮಲೇಷ್ಯಾಕ್ಕೆ ಬಂದವರ ಸಂಗಾತಿಗೆ ಸಾಮಾನ್ಯವಾಗಿ ದೊರೆಯುವುದು ಅವಲಂಬಿತರ ಪಾಸ್. ವಲಸೆ ಇಲಾಖೆಯ ಅನುಮತಿಯಿಲ್ಲದೆ ಅದರ ಮೇಲೆ ದುಡಿಯುವಂತಿಲ್ಲ. ಊರಿನಲ್ಲಿ ಹನ್ನೊಂದು ವರ್ಷ ಪಾಠ ಹೇಳಿದ ನಾನು ಇಲ್ಲಿ ತರಕಾರಿಯ ದುಡ್ಡಿಗೂ ಕೈಯೊಡ್ಡುತ್ತೇನೆ. ಗಂಡ ಕೇಳಿದಷ್ಟು ಕೊಡುತ್ತಾರೆ, ಲೆಕ್ಕ ಕೇಳುವವರಲ್ಲ. ಆದರೂ ಕೇಳಿಯೇ ಪಡೆಯಬೇಕಲ್ಲ, ಅದನ್ನು ನಾನು ಮನೆಯವರಿಗೆ ಹೇಳಿರಲಿಲ್ಲ. ನಮ್ಮಿಬ್ಬರ ನಡುವೆ ಯಾವ ಮಾತಿಗೆ ನಾನು ಎದುರಾಡುವುದನ್ನು ಬಿಟ್ಟೆನೆಂಬುದನ್ನೂ ಹೇಳಿರಲಿಲ್ಲ.

ಹೊರಡಲು ಸಿದ್ಧರಾಗುತ್ತಿರುವ ದಂಪತಿಗಳು ಸಂಬಳದ ಜೊತೆಗೆ ಇನ್ನೆರಡು ಸಂಗತಿಗಳನ್ನು ಮೊದಲೇ ಮಾತಾಡಿಕೊಳ್ಳುವುದು ಒಳಿತು: ಮನೆಖರ್ಚಿನ ಹಣ ಯಾರ ಕೈಯಲ್ಲಿರುತ್ತದೆ? ಪಾಸ್ ಅನುಮತಿಸದಿದ್ದರೆ ಇನ್ನೊಬ್ಬರ ದಿನ ಯಾವುದರಿಂದ ತುಂಬುತ್ತದೆ? ಊರಿನಲ್ಲಿರುವವರು ಕೂಡ ‘ಚೆನ್ನಾಗಿದ್ದೇನೆ’ ಎಂಬ ಉತ್ತರ ಬಂದ ಮೇಲೆ ಇನ್ನೊಂದು ಪ್ರಶ್ನೆ ಕೇಳಬೇಕು.

ಮುಂದಿನ ಭಾನುವಾರ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಿಮ್ಮಪ್ಪನ ಹತ್ತಿರ ನಾನೂ ಮೂವತ್ತು ವರ್ಷ ಕೇಳಿಯೇ ತೆಗೆದುಕೊಂಡವಳು. ಯಾರಿಗೂ ಹೇಳಿರಲಿಲ್ಲ” ಎಂದಳು. ಅಂದು ನಮ್ಮ ಮಾತು ಒಂದು ಗಂಟೆ ದಾಟಿತು.