ಇಸ್ತ್ರಿಪೆಟ್ಟಿಗೆಯ ತಳ ನೋಡಿದ್ದೀರಾ?

ಬೆಳಗ್ಗೆ ಎಂಟು ಗಂಟೆ. ಒಲೆಯ ಮೇಲೆ ಚಹಾ ಕುದೀತಿದೆ, ಓಣಿಯ ತಿರುವಿನಲ್ಲಿ ಶಾಲೆಯ ಆಟೋ ಹಾರ್ನ್ ಹೊಡೀತಿದೆ. ಅವಸರದಲ್ಲಿ ಮಗನ ಬಿಳಿ ಅಂಗಿಯ ಮೇಲೆ ಇಸ್ತ್ರಿ ಎಳೆದಿರಿ, ಕಾಲರ್ ಮೇಲೆ ಕಂದು ಗೆರೆ ಬಿತ್ತು! 'ಅವ್ವಾ, ನಾ ಇದು ಹಾಕ್ಕೊಂಡು ಹೋಗಂಗಿಲ್ಲ' ಅಂತ ಅವನ ರಾಗ ಶುರು. ದಿನಾ ಪಾತ್ರೆ ತಿಕ್ಕುವ ನಾವು ಇಸ್ತ್ರಿಪೆಟ್ಟಿಗೆಯ ತಳ ತಿರುಗಿಸಿ ನೋಡುವುದು ಇಂಥ ದಿನವೇ ಅಲ್ಲವೇ?

ಕಲೆ ಎಲ್ಲಿಂದ?
ಕಾಟನ್ ಸೀರೆಗೆ ಹಾಕಿದ ಗಂಜಿ, ಬಟ್ಟೆಯಲ್ಲಿ ಉಳಿದ ಸೋಪು, ಅತಿ ಬಿಸಿಗೆ ಕರಗಿದ ನೈಲಾನ್ - ಇವೆಲ್ಲ ತಳಕ್ಕೆ ಅಂಟಿ ಕರಕಲಾಗುತ್ತವೆ. ಮೊದಲು ಪ್ಲಗ್ ತೆಗೆಯಿರಿ. ತಳ ಪೂರ್ತಿ ತಣ್ಣಗಾದ ಮೇಲೆ ಅಡುಗೆ ಸೋಡಾಕ್ಕೆ ಸ್ವಲ್ಪ ನೀರು ಕಲಸಿ, ಮೆತ್ತನೆಯ ಬಟ್ಟೆಯಿಂದ ಹಗುರವಾಗಿ ಉಜ್ಜಿ. ಒದ್ದೆ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಿಸಿ. ನಂತರ ಹಳೆಯ ಬಟ್ಟೆಯ ಮೇಲೆ ಒಮ್ಮೆ ಓಡಿಸಿ ನೋಡಿ. ಚಾಕು, ತಂತಿ ನಾರು, ಉಪ್ಪು ಕಾಗದದ ಗೊಡವೆಯೇ ಬೇಡ. ನಾನ್‌ಸ್ಟಿಕ್ ಲೇಪನ ಒಮ್ಮೆ ಕೆರೆದು ಹೋದರೆ ಮತ್ತೆ ಬಾರದು. ಬಿಸಿ ತಳಕ್ಕೆ ಮಾತ್ರೆ ಉಜ್ಜುವ ಉಪಾಯವನ್ನೂ ಬಿಡಿ, ಆ ಹೊಗೆ ನಿಮ್ಮ ಮೂಗಿಗೇ ಬರುತ್ತದೆ.

ಸ್ಟೀಮ್ ಇಸ್ತ್ರಿಗೆ ಯಾವ ನೀರು?
ಬೀದರ್ ನಗರಕ್ಕೆ ಕಾರಂಜಾ ಜಲಾಶಯದ ನೀರು ಬರುತ್ತದೆ. ಆದರೂ ನಗರದಲ್ಲಾಗಲಿ, ಭಾಲ್ಕಿ, ಔರಾದ್‌ನಲ್ಲಾಗಲಿ ಬೋರ್ ನೀರು ಬಳಸುವ ಮನೆಗಳು ಅನೇಕ. ನೀರು ಕಾಯಿಸುವ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುತ್ತಿದ್ದರೆ ನಿಮ್ಮದು ಗಡಸು ನೀರು. ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳೇ ಸ್ಟೀಮ್ ತೂತುಗಳನ್ನು ಮುಚ್ಚಿ, ಬಟ್ಟೆಯ ಮೇಲೆ ಬಿಳಿ ಪುಡಿ ಉದುರಿಸುವುದು. ಇಂಥ ಕಡೆ ಡಿಸ್ಟಿಲ್ಡ್ ವಾಟರ್ ಬೆರೆಸಿ ಬಳಸುವುದು ಒಳ್ಳೆಯದು. ಕೆಲಸ ಮುಗಿದ ಮೇಲೆ ಉಳಿದ ನೀರು ಚೆಲ್ಲಲು ಮರೆಯಬೇಡಿ. ವಿನೆಗರ್ ಹಾಕುವ ಮುನ್ನ ಪೆಟ್ಟಿಗೆಯ ಜೊತೆ ಬಂದ ಪುಸ್ತಕ ನೋಡಿ, ಎಲ್ಲ ಕಂಪನಿಗಳೂ ಅದನ್ನು ಒಪ್ಪುವುದಿಲ್ಲ.

ಚುಕ್ಕೆ ಓದಿ
ಬಟ್ಟೆಯ ಚೀಟಿಯಲ್ಲಿ ಇಸ್ತ್ರಿ ಚಿತ್ರದೊಳಗೆ ಒಂದು ಚುಕ್ಕೆ ಇದ್ದರೆ 110 ಡಿಗ್ರಿ ಸೆಲ್ಸಿಯಸ್, ಎರಡಿದ್ದರೆ 150, ಮೂರಿದ್ದರೆ 200 ದಾಟಬಾರದು. ನೈಲಾನ್‌ಗೆ ಒಂದು, ರೇಷ್ಮೆ-ಉಣ್ಣೆಗೆ ಎರಡು, ಕಾಟನ್‌ಗೆ ಮೂರು ಎಂದು ನೆನಪಿಡಿ. ಕಡಿಮೆ ಬಿಸಿಯ ಬಟ್ಟೆಯಿಂದ ಶುರು ಮಾಡಿ. ಪೆಟ್ಟಿಗೆ ಬೇಗ ಕಾಯುತ್ತದೆ, ಆರುವುದು ನಿಧಾನ. ಕಾಟನ್ ಮುಗಿಸಿ ಸ್ವಿಚ್ ಆರಿಸಿದ ಮೇಲೂ ಉಳಿದ ಬಿಸಿಯಲ್ಲಿ ಒಂದೆರಡು ಕರ್ಚೀಫ್ ಆಗುತ್ತವೆ!

ಜೀವದ ಮಾತು
ಇಸ್ತ್ರಿ ಮಾಡುವಾಗ ಕರೆಂಟ್ ಹೋಯಿತು ಅನ್ನಿ. ಪಕ್ಕದ ಮನೆ ವೈನಿ ಕರೆದರು, ಪೆಟ್ಟಿಗೆಯನ್ನು ಬಟ್ಟೆಯ ಮೇಲೇ ಬಿಟ್ಟು ಹೊರಗೆ ಹೋದಿರಿ. ಕರೆಂಟ್ ಬಂದಾಗ ಮನೆಯಲ್ಲಿ ಯಾರೂ ಇಲ್ಲ! ಮನೆಗೆ ಬೆಂಕಿ ಬೀಳಲು ಇಷ್ಟೇ ಸಾಕು. ಆದ್ದರಿಂದ ಕರೆಂಟ್ ಹೋದ ಕೂಡಲೇ ಪ್ಲಗ್ ಕಿತ್ತು, ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ.

ಮುಟ್ಟಿದರೆ 'ಜುಮ್' ಅನ್ನಿಸುತ್ತಿದೆಯೇ? 'ಸ್ವಲ್ಪ ತಾನೇ' ಎಂದು ಚಪ್ಪಲಿ ಹಾಕಿಕೊಂಡು ಇಸ್ತ್ರಿ ಮುಂದುವರಿಸಬೇಡಿ. ಪೆಟ್ಟಿಗೆಯನ್ನು ರಿಪೇರಿಗೆ ಕೊಡಿ, ಮನೆಯ ಅರ್ಥಿಂಗ್ ಕೂಡ ಪರೀಕ್ಷೆ ಮಾಡಿಸಿ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನದಕ್ಕೆ ಬದಲಿಸಲೇಬೇಡಿ. ಬಿಸಿ ಪೆಟ್ಟಿಗೆಗೆ ವೈರ್ ಸುತ್ತಬೇಡಿ. ಹಿಡಿಕೆಯ ಹತ್ತಿರ ವೈರ್ ಸವೆದಿದ್ದರೆ ಟೇಪ್ ಸುತ್ತಿ ಸುಮ್ಮನಾಗದೆ, ಹೊಸದನ್ನೇ ಹಾಕಿಸಿ. ಹೊಸ ಪೆಟ್ಟಿಗೆ ಕೊಳ್ಳುವಾಗ ಐಎಸ್‌ಐ ಗುರುತು ನೋಡಿ.

ವಾರಕ್ಕೊಮ್ಮೆ ಐದು ನಿಮಿಷ ಸಾಕು. ಈ ಭಾನುವಾರವೇ ಪೆಟ್ಟಿಗೆಯನ್ನು ತಿರುಗಿಸಿ ನೋಡ್ತೀರಲ್ಲ?