ವೇಗದ ದೋಣಿಗೆ ಯಾವ ಪ್ರೊಪೆಲರ್?

1950ರ ಜೂನ್ 26ರಂದು ಅಮೆರಿಕದ ಸಿಯಾಟಲ್ ನಗರಕ್ಕೆ ಅಂಟಿಕೊಂಡಿರುವ ಲೇಕ್ ವಾಷಿಂಗ್ಟನ್ ಸರೋವರದಲ್ಲಿ ‘ಸ್ಲೋ-ಮೋ-ಶನ್ 4’ ಎಂಬ ದೋಣಿ ಗಂಟೆಗೆ 258 ಕಿ.ಮೀ. ವೇಗದಲ್ಲಿ ಓಡಿ ವಿಶ್ವದಾಖಲೆ ಬರೆಯಿತು. ಅದಕ್ಕೂ ಮೊದಲು ದಾಖಲೆ ಇದ್ದದ್ದು ಬ್ರಿಟನ್ನಿನ ಮಾಲ್ಕಮ್ ಕ್ಯಾಂಬೆಲ್ ಹೆಸರಿನಲ್ಲಿ. 1939ರಲ್ಲಿ ಕಾನಿಸ್ಟನ್ ಸರೋವರದಲ್ಲಿ ‘ಬ್ಲೂ ಬರ್ಡ್ ಕೆ4’ ದೋಣಿಯನ್ನು ಅವರು 228 ಕಿ.ಮೀ. ವೇಗಕ್ಕೆ ಮುಟ್ಟಿಸಿದ್ದರು. ಕ್ಯಾಂಬೆಲ್ ದೋಣಿಯಲ್ಲಿದ್ದದ್ದು 36.7 ಲೀಟರ್ ಗಾತ್ರದ ರೋಲ್ಸ್-ರಾಯ್ಸ್ ಎಂಜಿನ್. ಸಿಯಾಟಲ್ ದೋಣಿಯದು 28 ಲೀಟರ್‌ನ ಆಲಿಸನ್ ವಿಮಾನ ಎಂಜಿನ್. ಎಂಜಿನ್ ಚಿಕ್ಕದಾದರೂ ವೇಗ 30 ಕಿ.ಮೀ. ಹೆಚ್ಚಾಯಿತು.

ಇದಕ್ಕೆ ಟೆಡ್ ಜೋನ್ಸ್ ರೂಪಿಸಿ ಆಂಕರ್ ಜೆನ್ಸನ್ ಕಟ್ಟಿದ ದೋಣಿಯ ಒಡಲಿನ ಆಕಾರವೂ ಒಂದು ಕಾರಣ. ಆದರೆ ಆ ಆಕಾರ ಸಾಧಿಸಿಕೊಟ್ಟ ದೊಡ್ಡ ಸಂಗತಿ ಹಿಂಬದಿಯಲ್ಲಿತ್ತು. ಪೂರ್ಣ ವೇಗದಲ್ಲಿ ಆ ದೋಣಿಯ ಪ್ರೊಪೆಲರ್ ಅರ್ಧ ನೀರಿನಲ್ಲಿ, ಅರ್ಧ ಗಾಳಿಯಲ್ಲಿ ತಿರುಗುತ್ತಿತ್ತು. ಎಂಜಿನ್ನಿನ ಶಕ್ತಿ ನೀರನ್ನು ಮುಟ್ಟುವ ಜಾಗದಲ್ಲೇ ವೇಗದ ಗೆಲುವು ಸೋಲು ತೀರ್ಮಾನವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. 300 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್ ಕಟ್ಟಿಕೊಂಡು ರಜೆಯ ದಿನ ಸರೋವರಕ್ಕಿಳಿಯುವ ಇವತ್ತಿನ ವೇಗದ ದೋಣಿಗೂ ಇದೇ ಮಾತು ಅನ್ವಯಿಸುತ್ತದೆ.

ಪ್ರೊಪೆಲರ್ ಮೇಲಿನ ಎರಡು ಅಂಕಿಗಳು

ಯಾವ ಪ್ರೊಪೆಲರ್ ತೆಗೆದುಕೊಂಡರೂ ಅದರ ಅಳತೆಯನ್ನು ಎರಡು ಅಂಕಿಗಳಲ್ಲಿ ಹೇಳುತ್ತಾರೆ. ಒಂದು ವ್ಯಾಸ, ಅಂದರೆ ಅಲಗುಗಳ ತುದಿ ಸುತ್ತುವ ವೃತ್ತದ ಅಗಲ. ಇನ್ನೊಂದು ಪಿಚ್. ನೀರು ಜಾರದ ಗಟ್ಟಿ ವಸ್ತುವಾಗಿದ್ದರೆ ಪ್ರೊಪೆಲರ್ ಒಂದು ಸುತ್ತಿಗೆ ಎಷ್ಟು ಅಂಗುಲ ಮುಂದೆ ಸಾಗುತ್ತಿತ್ತೋ ಅದೇ ಪಿಚ್. 24 ಪಿಚ್ ಎಂದರೆ ಸುತ್ತಿಗೆ 24 ಅಂಗುಲ.

ಮಲ್ಪೆ, ಮಂಗಳೂರಿನ ಬಂದರಿನಲ್ಲಿ ದಡಕ್ಕೆಳೆದ ಟ್ರಾಲ್ ಬೋಟುಗಳನ್ನು ನೋಡಿದವರಿಗೆ ದೊಡ್ಡ ವ್ಯಾಸದ, ಅಗಲ ಅಲಗಿನ ಪ್ರೊಪೆಲರ್ ಪರಿಚಿತ. ಅದು ನಿಧಾನವಾಗಿ ತಿರುಗಿ ಭಾರದ ಬಲೆಯನ್ನು ಎಳೆಯಬೇಕು. ವೇಗದ ದೋಣಿಯ ಕೆಲಸ ಬೇರೆ. ಅಲ್ಲಿ ವ್ಯಾಸ ಚಿಕ್ಕದು, ಪಿಚ್ ದೊಡ್ಡದು, ಸುತ್ತು ಹೆಚ್ಚು.

ಪಿಚ್ಚಿನ ಕೆಲಸವನ್ನು ಬೈಕಿನ ಗೇರಿಗೆ ಹೋಲಿಸಬಹುದು. ಕಡಿಮೆ ಪಿಚ್ ಕೆಳಗಿನ ಗೇರಿನಂತೆ. ದೋಣಿ ಬೇಗ ಮೇಲೆದ್ದು ಓಡುತ್ತದೆ, ಆದರೆ ಎಂಜಿನ್ ತನ್ನ ಗರಿಷ್ಠ ಸುತ್ತನ್ನು ಬೇಗ ಮುಟ್ಟಿಬಿಡುತ್ತದೆ. ಹೆಚ್ಚು ಪಿಚ್ ಮೇಲಿನ ಗೇರಿನಂತೆ. ಎಳೆಯುವ ಶಕ್ತಿ ಇದ್ದರಷ್ಟೇ ಉಪಯೋಗ. ಶಕ್ತಿ ಸಾಲದಿದ್ದರೆ ಎಂಜಿನ್ ಏದುಸಿರು ಬಿಡುತ್ತದೆ. ಹೆಚ್ಚು ಪಿಚ್ ಹಾಕಿದರೆ ಹೆಚ್ಚು ವೇಗ ಬಂದೇ ಬರುತ್ತದೆ ಎಂಬ ನಂಬಿಕೆ ತಪ್ಪುವುದು ಇಲ್ಲಿಯೇ.

ಒಂದು ಸರಳ ಲೆಕ್ಕ

ಎಂಜಿನ್ನಿನ ಆರ್‌ಪಿಎಂ (ನಿಮಿಷಕ್ಕೆ ತಿರುಗುವ ಸುತ್ತು), ಗೇರ್ ಅನುಪಾತ (ಪ್ರೊಪೆಲರ್ ಒಮ್ಮೆ ತಿರುಗಲು ಎಂಜಿನ್ ತಿರುಗಬೇಕಾದ ಸುತ್ತು), ಪಿಚ್ ಇವು ಮೂರು ಗೊತ್ತಿದ್ದರೆ ದೋಣಿಯ ಸೈದ್ಧಾಂತಿಕ ವೇಗವನ್ನು ಯಾರು ಬೇಕಾದರೂ ಕಂಡುಹಿಡಿಯಬಹುದು. ಆರ್‌ಪಿಎಂ ಅನ್ನು ಗೇರ್ ಅನುಪಾತದಿಂದ ಭಾಗಿಸಿ, ಅಂಗುಲದಲ್ಲಿರುವ ಪಿಚ್‌ನಿಂದ ಗುಣಿಸಿ, ಬಂದದ್ದನ್ನು 656ರಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಎಂಬುದು ಸಿಗುತ್ತದೆ. ಎಂಜಿನ್ 6,000 ಆರ್‌ಪಿಎಂ, ಗೇರ್ ಅನುಪಾತ 1.75, ಪಿಚ್ 24 ಎಂದುಕೊಂಡರೆ ಉತ್ತರ ಸುಮಾರು 125 ಕಿ.ಮೀ.

ಜಿಪಿಎಸ್ ಮಾತ್ರ 112 ಕಿ.ಮೀ. ಎಂದು ತೋರಿಸುತ್ತದೆ ಎನ್ನಿ. ನಡುವಿನ ಈ 13 ಕಿ.ಮೀ. ಅಂತರವೇ ಸ್ಲಿಪ್, ಇಲ್ಲಿ ಅದು ಶೇ. 10ಕ್ಕಿಂತ ತುಸು ಹೆಚ್ಚು. ಸ್ಲಿಪ್ ಎಂದರೆ ಪೂರ್ತಿ ವ್ಯರ್ಥವಾದ ಶಕ್ತಿ ಎಂದು ಹಲವರು ತಿಳಿಯುತ್ತಾರೆ. ಹಾಗಲ್ಲ. ಪ್ರೊಪೆಲರ್ ಅಲಗು ವಿಮಾನದ ರೆಕ್ಕೆಯ ತತ್ತ್ವದಲ್ಲೇ ಕೆಲಸ ಮಾಡುತ್ತದೆ. ಎದುರು ಬರುವ ನೀರಿಗೆ ಅದು ಒಂದು ಸಣ್ಣ ಕೋನದಲ್ಲಿ ನಿಂತಾಗ ಮಾತ್ರ ನೂಕುಬಲ ಹುಟ್ಟುತ್ತದೆ. ಆ ಕೋನ ಲೆಕ್ಕದಲ್ಲಿ ಸ್ಲಿಪ್ ಆಗಿ ಕಾಣುತ್ತದೆ. ಸ್ಲಿಪ್ ಸೊನ್ನೆಯಾದರೆ ನೂಕುಬಲವೂ ಸೊನ್ನೆ. ಚೆನ್ನಾಗಿ ಹೊಂದಿಸಿದ ವೇಗದ ದೋಣಿಗಳಲ್ಲಿ ಸ್ಲಿಪ್ ಸಾಮಾನ್ಯವಾಗಿ ಶೇ. 10ರ ಆಸುಪಾಸಿನಲ್ಲಿರುತ್ತದೆ. ಅದು ಶೇ. 20 ದಾಟಿದರೆ ಎಲ್ಲೋ ಹಿಡಿತ ತಪ್ಪಿದೆ ಎಂದರ್ಥ. ಸೊನ್ನೆಗಿಂತ ಕೆಳಗೆ ಬಂದರೆ ಆರ್‌ಪಿಎಂ ಮೀಟರ್ ಸುಳ್ಳು ಹೇಳುತ್ತಿದೆ, ಇಲ್ಲವೇ ಪ್ರೊಪೆಲರ್‌ನ ನಿಜವಾದ ಪಿಚ್ ಅದರ ಮೇಲೆ ಕೊರೆದಿರುವ ಅಂಕಿಗಿಂತ ಹೆಚ್ಚಿದೆ.

ಎಂಜಿನ್ ಏನು ಕೇಳುತ್ತದೆ?

ಪ್ರತಿ ಎಂಜಿನ್ ತಯಾರಕರೂ ಥ್ರಾಟಲ್ ಪೂರ್ತಿ ತೆರೆದಾಗ ಎಂಜಿನ್ ಯಾವ ಸುತ್ತಿನ ಮಿತಿಯೊಳಗೆ ಓಡಬೇಕು ಎಂದು ಕೈಪಿಡಿಯಲ್ಲಿ ಬರೆದಿರುತ್ತಾರೆ. ಎಂಜಿನ್ ತನ್ನ ಪೂರ್ತಿ ಶಕ್ತಿ ಕೊಡುವುದು ಆ ಮಿತಿಯ ಮೇಲಂಚಿನ ಬಳಿ. ಪಿಚ್ ಒಂದು ಅಂಗುಲ ಬದಲಾದರೆ ಸುಮಾರು 150ರಿಂದ 200 ಆರ್‌ಪಿಎಂ ಏರುಪೇರಾಗುತ್ತದೆ ಎಂಬುದು ಈ ಕೆಲಸದಲ್ಲಿ ಪಳಗಿದವರ ಸ್ಥೂಲ ಲೆಕ್ಕ.

ಒಂದು ದೋಣಿಯನ್ನು ಊಹಿಸಿಕೊಳ್ಳೋಣ. ಅದರ ಎಂಜಿನ್ನಿನ ಮಿತಿ 5,600ರಿಂದ 6,200. 26 ಪಿಚ್ ಪ್ರೊಪೆಲರ್ ಹಾಕಿದಾಗ ಅದು 5,400 ದಾಟುವುದಿಲ್ಲ. 1.75 ಗೇರ್ ಅನುಪಾತದಲ್ಲಿ ಸೈದ್ಧಾಂತಿಕ ವೇಗ 122 ಕಿ.ಮೀ.; ಜಿಪಿಎಸ್ ತೋರಿಸುವುದು 106. ಈಗ 24 ಪಿಚ್‌ಗೆ ಇಳಿದರೆ ಎಂಜಿನ್ 5,800ಕ್ಕೆ ಏರುತ್ತದೆ. ಸೈದ್ಧಾಂತಿಕ ವೇಗ 121, ಹೆಚ್ಚುಕಡಿಮೆ ಮೊದಲಿನಷ್ಟೇ. ಆದರೆ ಎಂಜಿನ್ ಈಗ ಹೆಚ್ಚು ಶಕ್ತಿ ಕೊಡುತ್ತಿದೆ, ಸ್ಲಿಪ್ ಶೇ. 13ರಿಂದ 11ಕ್ಕೆ ಇಳಿದಿದೆ, ಜಿಪಿಎಸ್ 108 ತೋರಿಸುತ್ತದೆ. ಪಿಚ್ ತಗ್ಗಿಸಿಯೂ ವೇಗ ಹೆಚ್ಚಿತು. ಮೇಲಾಗಿ ಕಡಿಮೆ ಸುತ್ತಿನಲ್ಲಿ ಭಾರ ಹೊತ್ತು ಬಿಸಿಯೇರುವ ಅಪಾಯದಿಂದ ಎಂಜಿನ್ ಪಾರಾಯಿತು.

ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಟರ್ಬೊ ಅಥವಾ ಸೂಪರ್‌ಚಾರ್ಜರ್ ಇಲ್ಲದ ಎಂಜಿನ್ ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಮೇಲಿರುವ ಕ್ಯಾಲಿಫೋರ್ನಿಯಾ–ನೆವಾಡಾ ಗಡಿಯ ಲೇಕ್ ಟಾಹೋ ಸರೋವರದಲ್ಲಿ ಅಂಥ ಎಂಜಿನ್ನಿನ ಶಕ್ತಿ ಹತ್ತಿರಹತ್ತಿರ ಐದನೇ ಒಂದು ಭಾಗ ಕುಗ್ಗುತ್ತದೆ. ಕರಾವಳಿಯಲ್ಲಿ ಚೆನ್ನಾಗಿ ಓಡಿದ ಪ್ರೊಪೆಲರ್ ಅಲ್ಲಿ ಭಾರವಾಗುವುದು ಅದಕ್ಕೇ.

ಬಿಸಿಯಿಲ್ಲದೆ ಕುದಿಯುವ ನೀರು

ವೇಗದ ಪ್ರೊಪೆಲರ್‌ಗೆ ನೀರಿನಲ್ಲೇ ಒಂದು ಶತ್ರು ಹುಟ್ಟುತ್ತದೆ. ಬ್ರಿಟಿಷ್ ಎಂಜಿನಿಯರ್ ಚಾರ್ಲ್ಸ್ ಪಾರ್ಸನ್ಸ್ ತಮ್ಮ ಸ್ಟೀಮ್ ಟರ್ಬೈನ್ ತೋರಿಸಲು 1894ರಲ್ಲಿ ‘ಟರ್ಬಿನಿಯ’ ಎಂಬ ಹಡಗು ಕಟ್ಟಿದರು. ಟರ್ಬೈನ್ ಅದ್ಭುತವಾಗಿ ತಿರುಗಿತು, ಹಡಗು ಮಾತ್ರ 20 ನಾಟ್ ದಾಟಲಿಲ್ಲ. ಪಾರ್ಸನ್ಸ್ ಪುಟ್ಟ ತೊಟ್ಟಿಯೊಂದರಲ್ಲಿ 2 ಅಂಗುಲದ ಪ್ರೊಪೆಲರ್ ತಿರುಗಿಸಿ, ಮಿನುಗುವ ಬೆಳಕಿನಲ್ಲಿ ಅದನ್ನು ಗಮನಿಸಿದರು. ಅಲಗಿನ ಸುತ್ತ ಗುಳ್ಳೆಗಳು ಕಂಡವು.

ಅಲಗು ವೇಗವಾಗಿ ಸುತ್ತುವಾಗ ಅದರ ಮುಂಬದಿಯಲ್ಲಿ ನೀರಿನ ಒತ್ತಡ ಕುಸಿಯುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನ ನೀರು, ಒತ್ತಡ ವಾಯುಮಂಡಲದ ಒತ್ತಡದ ಸುಮಾರು ಮೂವತ್ತನೇ ಒಂದು ಭಾಗಕ್ಕೆ ಇಳಿದರೆ ಅಲ್ಲೇ ಕುದ್ದು ಆವಿಯಾಗುತ್ತದೆ. ಇದೇ ಕ್ಯಾವಿಟೇಶನ್. ಈ ಆವಿಗುಳ್ಳೆಗಳು ಹೆಚ್ಚಿನ ಒತ್ತಡದ ಜಾಗಕ್ಕೆ ಬಂದಾಗ ಥಟ್ಟನೆ ಕುಸಿದು ಲೋಹವನ್ನೇ ಕೊರೆಯುತ್ತವೆ, ಜೊತೆಗೆ ನೂಕುಬಲವೂ ಕಳೆದುಹೋಗುತ್ತದೆ. ಪಾರ್ಸನ್ಸ್ ಒಂದು ಪ್ರೊಪೆಲರ್ ತೆಗೆದು ಮೂರು ದಂಡಗಳ ಮೇಲೆ ಒಟ್ಟು ಒಂಬತ್ತು ಹಾಕಿ ಭಾರವನ್ನು ಹಂಚಿದರು. 1897ರಲ್ಲಿ ವಿಕ್ಟೋರಿಯಾ ರಾಣಿಯ ವಜ್ರ ಮಹೋತ್ಸವದ ನೌಕಾ ಪ್ರದರ್ಶನದಲ್ಲಿ ಟರ್ಬಿನಿಯ 34 ನಾಟ್, ಅಂದರೆ ಗಂಟೆಗೆ 63 ಕಿ.ಮೀ. ವೇಗದಲ್ಲಿ ಓಡಿ ನೌಕಾಪಡೆಯ ಅಧಿಕಾರಿಗಳನ್ನು ಬೆರಗುಗೊಳಿಸಿತು.

ಕ್ಯಾವಿಟೇಶನ್ ಜೊತೆಗೆ ಹಲವರು ಬೆರೆಸಿಬಿಡುವ ಇನ್ನೊಂದು ಸಂಗತಿ ವೆಂಟಿಲೇಶನ್. ಇಲ್ಲಿ ಆವಿಯಲ್ಲ, ನೀರಿನ ಮೇಲ್ಮೈಯಿಂದ ಗಾಳಿಯೋ ಎಂಜಿನ್ನಿನ ಹೊಗೆಯೋ ಅಲಗಿನ ಸುತ್ತ ನುಗ್ಗುತ್ತದೆ. ತಿರುವಿನಲ್ಲಿ ಎಂಜಿನ್ ಇದ್ದಕ್ಕಿದ್ದಂತೆ ಅಬ್ಬರಿಸಿ ದೋಣಿ ಸಪ್ಪೆಯಾದರೆ ಬಹುಪಾಲು ಕಾರಣ ಇದೇ.

ಸ್ಲೋ-ಮೋ-ಶನ್ ಮಾದರಿಯ ದೋಣಿಗಳು ಇದೇ ಗಾಳಿಯನ್ನು ಕೆಲಸಕ್ಕೆ ಹಚ್ಚಿದವು. ಅರ್ಧ ಮೇಲಿರುವ ಪ್ರೊಪೆಲರ್‌ನ ಅಲಗು ನೀರಿಗೆ ಹೊಕ್ಕಾಗ ಬೆನ್ನಿಗೆ ಗಾಳಿಯ ಪೊಟರೆಯನ್ನೂ ಕೊಂಡೊಯ್ಯುತ್ತದೆ. ಆವಿಗುಳ್ಳೆ ಕುಸಿದು ಲೋಹ ಕೊರೆಯುವ ಕಾಟ ಅಲ್ಲಿಗೆ ತಗ್ಗುತ್ತದೆ. ಅದಕ್ಕಿಂತ ದೊಡ್ಡ ಲಾಭವೆಂದರೆ, ದಂಡ ಮತ್ತು ಅದರ ಆಧಾರಗಳು ನೀರಿನಿಂದ ಹೊರಬಂದು ನೀರಿನ ಎಳೆತ ಬಹಳಷ್ಟು ಕಡಿಮೆಯಾಗುತ್ತದೆ. ಇದೇ ತತ್ತ್ವವನ್ನು 1980ರ ದಶಕದಲ್ಲಿ ಹಾವರ್ಡ್ ಆರ್ನೆಸನ್ ಅವರ ಸರ್ಫೇಸ್ ಡ್ರೈವ್ ದೊಡ್ಡ ವೇಗದ ದೋಣಿಗಳಿಗೂ ತಂದಿತು.

ಆಕಾರ, ಅಲಗು, ಲೋಹ

ಪಿಚ್ ಸರಿಹೊಂದಿದ ಮೇಲೆ ಆಕಾರದ ಸೂಕ್ಷ್ಮಗಳತ್ತ ನೋಡಬೇಕು. ಅಲಗು ಹಿಂದಕ್ಕೆ ವಾಲಿರುವ ಕೋನಕ್ಕೆ ರೇಕ್ ಎನ್ನುತ್ತಾರೆ. ರೇಕ್ ಹೆಚ್ಚಿದಷ್ಟೂ ದೋಣಿಯ ಮೂತಿ ಮೇಲೇಳುವುದು ಹೆಚ್ಚು. ಒದ್ದೆಯಾಗುವ ತಳ ಕಡಿಮೆಯಾಗಿ ಎಳೆತ ಇಳಿಯುತ್ತದೆ. ಭಾರದ ಮೂತಿಯ ವಿ-ಆಕಾರದ ದೋಣಿಗೆ ಇದು ವರ. ಹಗುರ ಮೂತಿಯ ದೋಣಿಗೆ ಅದೇ ಅಪಾಯ.

ಅಲಗಿನ ಹಿಂದಂಚನ್ನು ತುಸು ಒಳಗೆ ಬಾಗಿಸುವುದಕ್ಕೆ ಕಪ್ ಎಂದು ಹೆಸರು. ಆ ಚಿಕ್ಕ ಬಾಗು ನೀರನ್ನು ಬಿಡದೆ ಹಿಡಿಯುತ್ತದೆ. ಎಂಜಿನ್ನನ್ನು ಇನ್ನಷ್ಟು ಮೇಲೆ ಕೂರಿಸಿದರೂ ಪ್ರೊಪೆಲರ್ ಜಾರದು. ಆದರೆ ಕಪ್ ಸುತ್ತನ್ನು ತಗ್ಗಿಸುತ್ತದೆ. ಪಿಚ್ ಹೆಚ್ಚುಕಡಿಮೆ ಒಂದು ಅಂಗುಲ ಹೆಚ್ಚಿದಂತೆಯೇ ಎಂದು ಎಣಿಸಿ ಪ್ರೊಪೆಲರ್ ಆರಿಸಬೇಕು.

ಅಲಗುಗಳ ಸಂಖ್ಯೆ ಕಡಿಮೆಯಾದಷ್ಟೂ ಎಳೆತ ಕಡಿಮೆ. ಬರೀ ಗರಿಷ್ಠ ವೇಗವೇ ಗುರಿಯಾದರೆ ಸಾಮಾನ್ಯವಾಗಿ ಮೂರು ಅಲಗು ಮುಂದೆ. ನಾಲ್ಕು ಅಲಗಿನದು ಹಿಂಬದಿಯನ್ನು ಎತ್ತಿ ಹಿಡಿಯುತ್ತದೆ, ತಿರುವಿನಲ್ಲಿ ಜಾರದು, ಎಂಜಿನ್ ಮೇಲಕ್ಕೆ ಕೂರಿಸಿದಾಗಲೂ ಹಿಡಿತ ಬಿಡದು. ಭಾರದ ದೋಣಿಗಳಲ್ಲಿ ಮತ್ತು ಜೋಡಿ ಒಡಲಿನ ಕ್ಯಾಟಮರಾನ್‌ಗಳಲ್ಲಿ ನಾಲ್ಕು ಅಲಗು ಗರಿಷ್ಠ ವೇಗದಲ್ಲೂ ಗೆಲ್ಲುವುದುಂಟು.

ಲೋಹದ ವಿಚಾರದಲ್ಲಿ ವೇಗದ ಆಯ್ಕೆ ಸ್ಟೇನ್‌ಲೆಸ್ ಸ್ಟೀಲ್. ಅಲ್ಯೂಮಿನಿಯಂ ಅಲಗು ಭಾರಕ್ಕೆ ಬಾಗಿ ಪಿಚ್ ಕಳೆದುಕೊಳ್ಳುತ್ತದೆ. ಸ್ಟೀಲ್ ಹೆಚ್ಚು ಗಟ್ಟಿಯಾದ್ದರಿಂದ ಅಲಗನ್ನು ತೆಳ್ಳಗೆ ಮಾಡಬಹುದು, ನೀರನ್ನು ಸೀಳುವುದು ಸಲೀಸು. ಬಂಡೆಗೆ ಬಡಿದರೆ ಅಲ್ಯೂಮಿನಿಯಂ ತಾನೇ ಬಾಗಿ ಪೆಟ್ಟು ನುಂಗುತ್ತದೆ, ಸ್ಟೀಲ್ ಪೆಟ್ಟನ್ನು ಗೇರುಗಳತ್ತ ದಾಟಿಸಬಹುದು. ಕಲ್ಲು ತುಂಬಿದ ನೀರಿನಲ್ಲಿ ಇದನ್ನು ಮರೆಯಬಾರದು.

ಎತ್ತರ ಮತ್ತು ತೂಕ

ಗಂಟೆಗೆ 100 ಕಿ.ಮೀ. ದಾಟಿದ ಮೇಲೆ ನೀರಿನೊಳಗಿರುವ ಗೇರ್‌ಕೇಸೇ ದೊಡ್ಡ ತಡೆ. ಎಂಜಿನ್ನಿನ ಎತ್ತರ ಹೊಂದಿಸುವ ಜಾಕ್‌ಪ್ಲೇಟ್ ಬಳಸಿ ಅದನ್ನು ಸ್ವಲ್ಪ ಸ್ವಲ್ಪವಾಗಿ ಮೇಲೆತ್ತಿದರೆ ವೇಗ ಏರುತ್ತದೆ. ಸ್ಲಿಪ್ ಹಠಾತ್ತನೆ ಜಿಗಿದರೆ ಅಥವಾ ಎಂಜಿನ್ ತಂಪಾಗಿಸುವ ನೀರಿನ ಒತ್ತಡ ಇಳಿದರೆ ಮಿತಿ ದಾಟಿದಿರಿ ಎಂದು ತಿಳಿದು ಕೆಳಗಿಳಿಸಬೇಕು. ನೀರಿನ ಒತ್ತಡದ ಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈಹಾಕುವುದು ತರವಲ್ಲ.

ಅಮೆರಿಕದ ನೌಕಾವಿನ್ಯಾಸಕ ಜಾರ್ಜ್ ಕ್ರೌಚ್ ಹೆಸರಿನ ಸೂತ್ರವೊಂದಿದೆ. ಅದರಂತೆ ನೀರಿನ ಮೇಲೆ ಜಾರುವ ದೋಣಿಯ ವೇಗ, ಶಕ್ತಿ ಮತ್ತು ತೂಕದ ಅನುಪಾತದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ಅಂದರೆ ಎಂಜಿನ್ ಶಕ್ತಿ ಶೇ. 10 ಹೆಚ್ಚಿಸಿದರೂ ವೇಗ ಏರುವುದು ಶೇ. 5ರಷ್ಟೇ. ಹೊಂದದ ಪ್ರೊಪೆಲರ್ ತೆಗೆದು ಹೊಂದುವುದನ್ನು ಹಾಕಿ ಶೇ. 2 ವೇಗ ಗಳಿಸಿದರೆ ಅದು ಶೇ. 4ರಷ್ಟು ಶಕ್ತಿಗೆ ಸಮ. 1,500 ಕಿಲೋ ದೋಣಿಯಿಂದ 75 ಕಿಲೋ ಅನಗತ್ಯ ಸಾಮಾನು ಇಳಿಸಿದರೂ ಶೇ. 2.5ರಷ್ಟು ವೇಗ ಸಿಕ್ಕೀತು, ಅದಕ್ಕೆ ಖರ್ಚೇ ಇಲ್ಲ.

ಪರೀಕ್ಷಿಸುವ ಕ್ರಮ

ಒಮ್ಮೆಗೆ ಒಂದನ್ನೇ ಬದಲಿಸಿ. ಪಿಚ್ ಮತ್ತು ಎತ್ತರ ಎರಡನ್ನೂ ಒಟ್ಟಿಗೆ ಬದಲಿಸಿದರೆ ಲಾಭ ಯಾವುದರಿಂದ ಬಂತು ಎಂದು ತಿಳಿಯದು. ಇಂಧನ, ಜನ, ಸಾಮಾನು ಪ್ರತಿ ಬಾರಿಯೂ ಒಂದೇ ಆಗಿರಲಿ. ಗಾಳಿ ಮತ್ತು ಪ್ರವಾಹದ ಪ್ರಭಾವ ಕಳೆಯಲು ಎರಡೂ ದಿಕ್ಕಿಗೆ ಓಡಿಸಿ ಸರಾಸರಿ ತೆಗೆಯಿರಿ. ವಿಶ್ವದಾಖಲೆಗಳನ್ನು ಅಳೆಯುವುದೂ ಹೀಗೆಯೇ.

ಮೂತಿ ಎತ್ತುವ ಆಟಕ್ಕೆ ಒಂದು ಗಡಿ ಇದೆ. ಮಾಲ್ಕಮ್ ಅವರ ಮಗ ಡೊನಾಲ್ಡ್ ಕ್ಯಾಂಬೆಲ್ 1967ರ ಜನವರಿ 4ರಂದು ಅದೇ ಕಾನಿಸ್ಟನ್ ಸರೋವರದಲ್ಲಿ ತಮ್ಮ ಜೆಟ್ ದೋಣಿಯ ಮೂತಿ ಗಾಳಿಗೆದ್ದು ಪಲ್ಟಿಯಾಗಿ ಪ್ರಾಣ ಕಳೆದುಕೊಂಡರು. ದೋಣಿ ಅಕ್ಕಪಕ್ಕಕ್ಕೆ ಓಲಾಡತೊಡಗಿದರೆ, ಚುಕ್ಕಾಣಿ ಹಗುರವೆನಿಸಿದರೆ ಥ್ರಾಟಲ್ ಮೆಲ್ಲಗೆ ಇಳಿಸಿ. ಚಾಲಕ ಆಸನದಿಂದ ಎಗರಿದರೆ ಎಂಜಿನ್ ನಿಲ್ಲಿಸುವ ಸ್ವಿಚ್ಚಿನ ದಾರವನ್ನು ಮೈಗೆ ಸಿಕ್ಕಿಸಿಕೊಳ್ಳದೆ ಹೊರಡಬೇಡಿ. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕ ಮೋಟಾರು ದೋಣಿಗಳಿಗೆ 2021ರ ಏಪ್ರಿಲ್‌ನಿಂದ ಈ ಸ್ವಿಚ್ ಬಳಕೆ ಕಾನೂನಾಗಿದೆ.

ಅತಿ ವೇಗದ ಪ್ರೊಪೆಲರ್ ಎಂಬುದು ಎಲ್ಲೂ ಮಾರಾಟಕ್ಕಿಲ್ಲ. ನಿಮ್ಮ ಎಂಜಿನ್, ನಿಮ್ಮ ಒಡಲು, ನಿಮ್ಮ ತೂಕಕ್ಕೆ ಹೊಂದುವ ಪ್ರೊಪೆಲರ್ ಮಾತ್ರ ಇದೆ. ಅಂಗಡಿಗೆ ಹೋಗುವ ಮೊದಲು ಪೂರ್ಣ ಥ್ರಾಟಲ್‌ನ ಆರ್‌ಪಿಎಂ, ಗೇರ್ ಅನುಪಾತ, ಈಗಿನ ಪಿಚ್, ಜಿಪಿಎಸ್ ವೇಗ ಈ ನಾಲ್ಕನ್ನು ಬರೆದುಕೊಂಡು ಸ್ಲಿಪ್ ಲೆಕ್ಕ ಹಾಕಿ. ಪಿಚ್ ಬದಲಿಸಬೇಕೇ, ಆಕಾರವೇ, ಎತ್ತರವೇ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಆ ಲೆಕ್ಕದಿಂದಲೇ.