ಬಿಳಿಗಿರಿರಂಗನ ಬೆಟ್ಟದ ಸೋಲಿಗರು : ಕಾಡು ಮತ್ತು ಕಾಫಿ

ಪದ್ಮನಾಭನಗರದಿಂದ ಕನಕಪುರ ರಸ್ತೆ ಹಿಡಿದು, ಮಳವಳ್ಳಿ, ಕೊಳ್ಳೇಗಾಲ, ಯಳಂದೂರುಗಳನ್ನು ದಾಟಿ ಸುಮಾರು 180 ಕಿಲೋಮೀಟರ್ ಹೋದರೆ ಬಿಳಿಗಿರಿರಂಗನ ಬೆಟ್ಟ ಸಿಗುತ್ತದೆ. ಬೆಂಗಳೂರಿನ ಈ ಭಾಗದ ಜನ ರಂಗನಾಥಸ್ವಾಮಿಯ ದರ್ಶನ ಮಾಡಿ ಸಂಜೆಗೆ ಹಿಂದಿರುಗುವುದು ವಾಡಿಕೆ. ಅಲ್ಲಿನ ಪೋಡುಗಳಲ್ಲಿ ಒಂದೆರಡು ಎಕರೆ ಕಾಫಿ ಇಟ್ಟುಕೊಂಡ ಸಣ್ಣ ಬೆಳೆಗಾರರು ಇದ್ದಾರೆಂಬುದು ಅವರಲ್ಲಿ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಪೋಡು ಎಂದರೆ ಸೋಲಿಗರ ಹಾಡಿ. ಬೆಟ್ಟದ ಒಳಗೂ ಅಂಚಿಗೂ ಸೇರಿ ಇಂತಹ ಸುಮಾರು 60 ಪೋಡುಗಳಿವೆ. ಹುಲಿ ಸಂರಕ್ಷಿತ ಪ್ರದೇಶದ ನಡುವೆ ಕಾಫಿ ಬೆಳೆಯುವ ಈ ನಮ್ಮ ಬಾಂಧವರ ಸ್ಥಿತಿಗತಿಯನ್ನು ಸದಸ್ಯರ ಮುಂದಿಡುವುದು ಈ ಲೇಖನದ ಉದ್ದೇಶ.

ಸೋಲಿಗರು ಹಿಂದೆ ಕಾಡಿನಲ್ಲಿ ಜಾಗ ಬದಲಿಸುತ್ತಾ ರಾಗಿ, ಅವರೆ ಬೆಳೆಯುತ್ತಿದ್ದವರು. 1974ರಲ್ಲಿ ಬೆಟ್ಟವು ವನ್ಯಜೀವಿಧಾಮವಾಯಿತು. ಆ ಬಗೆಯ ಬೇಸಾಯ ನಿಂತು, ಜನರನ್ನು ಪೋಡುಗಳಲ್ಲಿ ಒಂದೆಡೆ ನೆಲೆಗೊಳಿಸಲಾಯಿತು. 1987ರಲ್ಲಿ ಧಾಮದ ವಿಸ್ತೀರ್ಣ ಸುಮಾರು 540 ಚದರ ಕಿಲೋಮೀಟರಿಗೆ ಏರಿತು. ನೆಲ ಹೋದ ಮೇಲೆ ಅವರ ಕೈಗೆ ಕಾಸು ಬರುತ್ತಿದ್ದದ್ದು ಎರಡೇ ದಾರಿಯಲ್ಲಿ: ಕೂಲಿ, ಮತ್ತು ಕಾಡಿನ ಕಿರು ಉತ್ಪನ್ನ. ಹೆಜ್ಜೇನು, ನೆಲ್ಲಿಕಾಯಿ, ಸೀಗೆ, ಅಂಟುವಾಳ, ಮಾಗಳಿ ಬೇರು, ಕಲ್ಲುಹೂವು ಇವನ್ನು ತಂದು 'ಲ್ಯಾಂಪ್ಸ್' ಎಂಬ ಗಿರಿಜನರ ಸಹಕಾರ ಸಂಘಕ್ಕೆ ಕೊಡುತ್ತಿದ್ದರು. 1990ರ ದಶಕದ ಸಮೀಕ್ಷೆಗಳಂತೆ ಅವರ ನಗದು ವರಮಾನದಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಪಾಲು ಬರುತ್ತಿದ್ದುದು ಇದರಿಂದಲೇ. 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಆಸ್ಪತ್ರೆ, ಶಾಲೆಗಳ ಜೊತೆಗೆ ಜೇನು ಸಂಸ್ಕರಣೆ, ಉಪ್ಪಿನಕಾಯಿ ತಯಾರಿಕೆಗಳಿಗೂ ಕೈಹಾಕಿತು. ಕಚ್ಚಾ ಮಾಲು ಮಾರಿದರೆ ಲಾಭ ಬೇರೆಯವರ ಪಾಲಾಗುತ್ತದೆ ಎಂಬುದು ಆಗಲೇ ಅವರಿಗೆ ತಿಳಿದಿತ್ತು.

ಅಷ್ಟರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಬಂದು, ಧಾಮಗಳಿಂದ ಮಾರಾಟಕ್ಕಾಗಿ ಯಾವ ಉತ್ಪನ್ನವನ್ನೂ ತರಬಾರದೆಂದಾಯಿತು. ಕೆಲವೇ ವರ್ಷಗಳಲ್ಲಿ ಬೆಟ್ಟದಲ್ಲಿ ಇದು ಜಾರಿಗೂ ಬಂತು. ಒಂದು ಫಸಲಿನ ಕಾಫಿಯನ್ನು ಮಾರಬೇಡಿ ಎಂದರೆ ನಮ್ಮ ಮನೆಗಳಲ್ಲಿ ಏನಾಗುತ್ತದೆಂದು ಊಹಿಸಿಕೊಂಡರೆ ಅವರ ಕಷ್ಟ ಅರ್ಥವಾದೀತು. ಅನೇಕರು ಕೂಲಿಗಾಗಿ ಬೆಟ್ಟ ಇಳಿದರು.

ಇಲ್ಲಿ ಕಾಡಿನ ಒಂದು ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮರ ಬೆಳೆಸುವವರಿಗೆ ಇದು ಬೇಗ ತಿಳಿಯುವ ವಿಷಯ. ಬೆಟ್ಟದ ನೆಲ್ಲಿಮರಗಳ ಮೇಲೆ ಬದನಿಕೆ ಜಾತಿಯ ಒಂದು ಪರಾವಲಂಬಿ ಗಿಡ ಬೆಳೆಯುತ್ತದೆ. ಸೋಲಿಗರು ಅದನ್ನು ಉಪ್ಪಿಲು ಎನ್ನುತ್ತಾರೆ. ಹಕ್ಕಿಗಳು ಅದರ ಹಣ್ಣು ತಿಂದು ಅಂಟುಬೀಜವನ್ನು ಇನ್ನೊಂದು ಕೊಂಬೆಗೆ ಅಂಟಿಸುತ್ತವೆ, ಅದು ಮರದ ರಸ ಹೀರಿ ಕ್ರಮೇಣ ಮರವನ್ನೇ ಒಣಗಿಸುತ್ತದೆ. ಹಿಂದೆ ಸೋಲಿಗರು ಬೇಸಿಗೆಯ ಮೊದಲಲ್ಲಿ, ಹುಲ್ಲು ತರಗು ಪೂರಾ ಒಣಗುವ ಮೊದಲೇ, ನೆಲಮಟ್ಟದ ಸಣ್ಣ ಬೆಂಕಿ ಇಡುತ್ತಿದ್ದರು. ಇದಕ್ಕೆ ತರಗು ಬೆಂಕಿ ಎಂದು ಹೆಸರು. ಆ ಶಾಖಕ್ಕೆ ಉಪ್ಪಿಲು ಸಾಯುತ್ತಿತ್ತು, ದೊಡ್ಡ ಮರಗಳಿಗೆ ಹಾನಿಯಿರಲಿಲ್ಲ, ಪೊದೆಯೂ ಹತೋಟಿಯಲ್ಲಿರುತ್ತಿತ್ತು. ಧಾಮವಾದ ಮೇಲೆ ಬೆಂಕಿಗೆ ಕಟ್ಟುನಿಟ್ಟಿನ ನಿಷೇಧ ಬಂತು. ಉಪ್ಪಿಲು ಹೆಚ್ಚಿತು, ನೆಲ್ಲಿ ಕುಂದಿತು, ಲಂಟಾನ ಕಾಡಿನೊಳಗೆ ಹಬ್ಬಿತು. 1997ರಲ್ಲಿ ಅಳೆದು ನೋಡಿದ್ದ ತಾಕುಗಳನ್ನೇ 2008ರಲ್ಲಿ ಮತ್ತೆ ನೋಡಿದಾಗ, ಲಂಟಾನ ಇದ್ದ ತಾಕುಗಳ ಸಂಖ್ಯೆ ಎರಡರಷ್ಟಕ್ಕೆ ಹತ್ತಿರ ಬಂದಿತ್ತು. ಲಂಟಾನ ದಟ್ಟವಾದ ಕಡೆ ಬೆಂಕಿ ಬಿದ್ದರೆ ಅದು ತರಗು ಬೆಂಕಿಯಾಗಿ ಉಳಿಯದೆ ಮರದ ನೆತ್ತಿಗೆ ಏರುತ್ತದೆ. ಆದ್ದರಿಂದ ಹಳೆಯ ಪದ್ಧತಿಯನ್ನು ಇಂದು ಹಾಗೆಯೇ ಮರಳಿ ತರುವುದೂ ಸುಲಭವಲ್ಲ. ಮೊದಲು ಪೊದೆ ಕಡಿಯಬೇಕು. ಅಶೋಕ ಟ್ರಸ್ಟಿನ, ಅಂದರೆ ಏಟ್ರೀ ಸಂಸ್ಥೆಯ, ವಿಜ್ಞಾನಿಗಳು ಸೋಲಿಗರೊಂದಿಗೆ ಕುಳಿತು ಈ ವಿಷಯಗಳನ್ನು ಪರಿಶೀಲಿಸಿದಾಗ, ಹಿರಿಯರ ಮಾತಿನಲ್ಲಿ ಬಹಳ ಹುರುಳಿದೆ ಎಂದು ಕಂಡುಬಂತು. ಕಾಡನ್ನು ದಿನವೂ ನೋಡುವವರನ್ನು ಕೇಳದೆ ಕಾಡು ಕಾಯಲು ಹೊರಟದ್ದರ ಫಲ ಇದು ಎಂದರೆ ತಪ್ಪಾಗಲಾರದು.

2006ರ ಅರಣ್ಯ ಹಕ್ಕು ಕಾಯ್ದೆ ಪರಿಸ್ಥಿತಿಯನ್ನು ಬದಲಿಸಿತು. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದಾಗ ಒಕ್ಕಲೆಬ್ಬಿಸುವ ಭಯ ಹರಡಿತ್ತು. ಆದರೆ ಅದೇ ವರ್ಷ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ದೊರೆಯಿತು. ಕಿರು ಉತ್ಪನ್ನ ಸಂಗ್ರಹಿಸಿ ಮಾರುವ ಹಕ್ಕು ಈಗ ಕಾನೂನಿನದು, ಯಾರ ದಯೆಯದೂ ಅಲ್ಲ. ಜನ ಉಳಿದರೆ ಹುಲಿ ಅಳಿಯುತ್ತದೆ ಎಂದು ಹೇಳುತ್ತಿದ್ದವರಿಗೆ ಒಂದು ಲೆಕ್ಕ: 2010ರಲ್ಲಿ 35ರಷ್ಟಿದ್ದ ಹುಲಿಗಳು 2014ರ ಹೊತ್ತಿಗೆ 68 ಆದುವೆಂದು ವರದಿಯಾಗಿದೆ. ಇದಕ್ಕೆ ಹಕ್ಕುಪತ್ರವೇ ಕಾರಣವೆನ್ನಲಾಗದು. ಆದರೆ ಸೋಲಿಗರು ಅಲ್ಲಿದ್ದುದು ಹುಲಿಗೆ ಅಡ್ಡಿಯಾಗಲಿಲ್ಲ ಎಂಬಷ್ಟನ್ನು ಧೈರ್ಯವಾಗಿ ಹೇಳಬಹುದು.

ಇನ್ನು ಕಾಫಿಯ ವಿಷಯ. ಬೆಟ್ಟದಲ್ಲಿ ಬ್ರಿಟಿಷರ ಕಾಲದಿಂದ ಎಸ್ಟೇಟುಗಳಿದ್ದು, ಸೋಲಿಗರು ಅಲ್ಲಿ ಕೂಲಿ ಮಾಡುತ್ತಾ ಕೆಲಸ ಕಲಿತರು. ಕ್ರಮೇಣ ತಮ್ಮ ಜಮೀನಿನಲ್ಲೂ ಸಸಿ ನೆಟ್ಟರು. ರಾಗಿ, ಜೋಳಗಳನ್ನು ಆನೆ, ಹಂದಿ ಉಳಿಸುವುದಿಲ್ಲ. ಕಾಫಿಗೆ ಆ ಕಾಟ ಬಹಳ ಕಡಿಮೆ. ಹಲಸು, ಅತ್ತಿ, ನೇರಳೆಯಂತಹ ಕಾಡುಮರಗಳ ನೆರಳಿನಲ್ಲೇ ಗಿಡ ನಿಂತಿರುವುದರಿಂದ ಕಾಂಡಕೊರಕದ ಬಾಧೆ ಬಿಸಿಲಿನ ತೋಟಕ್ಕಿಂತ ಕಡಿಮೆಯೆಂಬುದನ್ನು ಅರೇಬಿಕಾ ಬೆಳೆಯುವ ಸದಸ್ಯರಿಗೆ ಬಿಡಿಸಿ ಹೇಳಬೇಕಿಲ್ಲ. ಇಳುವರಿ ಮಾತ್ರ ಸಾಧಾರಣ.

ಹಾಗಾದರೆ ತೊಂದರೆ ಎಲ್ಲಿ? ಮಾರಾಟದಲ್ಲಿ. 100 ಕಿಲೋ ಅರೇಬಿಕಾ ಹಣ್ಣಿನಿಂದ ಸಿಗುವ ಬೀಜ ಸುಮಾರು 16-17 ಕಿಲೋ. ಪೋಡಿನ ಒಂದು ಮನೆಯವರು ದಿನಕ್ಕೆ ಕೊಯ್ಯುವ ಹಣ್ಣು ನಲವತ್ತು ಐವತ್ತು ಕಿಲೋ ಇರಬಹುದು. ಅಷ್ಟಕ್ಕೆ ಒಬ್ಬೊಬ್ಬರೂ ಪಲ್ಪರ್ ಇಡಲಾಗದು. ಹಣ್ಣನ್ನೋ, ಅರೆ ಒಣಗಿದ ಚೆರ್ರಿಯನ್ನೋ ಬಾಗಿಲಿಗೆ ಬಂದ ವ್ಯಾಪಾರಿಗೆ, ಅವನು ಹೇಳಿದ ತೂಕಕ್ಕೆ ಕೊಟ್ಟುಬಿಡುತ್ತಾರೆ. ಮುಂಗಡ ಪಡೆದಿದ್ದರಂತೂ ಮಾತಾಡುವ ಹಾಗೇ ಇಲ್ಲ. ಕಾಫಿ ಮಂಡಳಿಯ ಪೂಲ್ ಪದ್ಧತಿ 1996ರಲ್ಲಿ ಪೂರಾ ಮುಗಿದ ಮೇಲೆ ನಮ್ಮ ಸಣ್ಣ ಬೆಳೆಗಾರರೂ ಇದನ್ನು ಅನುಭವಿಸಿದವರೇ. ಆದರೆ ನಮ್ಮಲ್ಲಿ ಪಹಣಿ ಇಟ್ಟು ಬೆಳೆಸಾಲ ತರಬಹುದು. ಅರಣ್ಯ ಹಕ್ಕುಪತ್ರದ ಜಮೀನು ಮಕ್ಕಳಿಗೆ ಬರುತ್ತದೆ, ಮಾರುವಂತಿಲ್ಲ, ಪರಭಾರೆ ಮಾಡುವಂತಿಲ್ಲ. ನೆಲ ಕೈತಪ್ಪದಿರಲು ಇದು ಒಳ್ಳೆಯ ಕಟ್ಟುಪಾಡು. ಆದರೆ ಅಡವಿಡಲಾಗದ ಜಮೀನಿನ ಮೇಲೆ ಸಾಲ ಹುಟ್ಟುವುದು ಕಷ್ಟ, ಆಗ ವ್ಯಾಪಾರಿಯ ಮುಂಗಡವೇ ಗತಿಯಾಗುತ್ತದೆ.

ಇದೇ ಗಂಟನ್ನು ಆಫ್ರಿಕದ ಜಾಂಬಿಯಾ ದೇಶದಲ್ಲಿ ಬಿಡಿಸಲು ನೋಡಿದ ಬಗೆ ನಮಗೆ ಪರಿಚಿತವೆನಿಸೀತು. ಅಲ್ಲಿನ ಲುವಾಂಗ್ವಾ ಕಣಿವೆಯ ಬಡ ರೈತರು ಹೊಟ್ಟೆಪಾಡಿಗೆ ಉರುಳು ಹಾಕಿ ಕಾಡುಪ್ರಾಣಿ ಹಿಡಿಯುತ್ತಿದ್ದರು. ಕೊಮ್ಯಾಕೊ ಎಂಬ ಸಂಸ್ಥೆ ಇವರನ್ನು ಗುಂಪುಗಳಾಗಿ ಸೇರಿಸಿತು. ಉರುಳಿನ ತಂತಿ, ನಾಡಬಂದೂಕುಗಳನ್ನು ಒಪ್ಪಿಸಿ ಮಣ್ಣು ಕಾಯುವ ಬೇಸಾಯ ಮಾಡುವವರಿಂದ ನೆಲಗಡಲೆ, ಭತ್ತ, ಜೇನನ್ನು ಹೆಚ್ಚಿನ ದರಕ್ಕೆ ಕೊಂಡು, ಸಂಸ್ಕರಿಸಿ, ತನ್ನದೇ ಹೆಸರಿನಲ್ಲಿ ಪಟ್ಟಣಗಳಲ್ಲಿ ಮಾರಿತು. ಬೆಲೆಯ ಮೂಲಕ ಕಾಡು ಕಾಯುವ ಉಪಾಯ ಇದು. ಅಡಿಕೆ ಧಾರಣೆ ಕುಸಿದಾಗ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿದ್ದೂ, ಮಾಲು ನಮ್ಮದಾದರೆ ಮಾರುಕಟ್ಟೆಯಲ್ಲೂ ನಮ್ಮ ಕೈ ಇರಬೇಕೆಂಬ ಇದೇ ಬಗೆಯ ವಿಚಾರದಿಂದ.

ಬೆಟ್ಟದಲ್ಲೂ ಆ ದಿಕ್ಕಿನ ಕೆಲಸ ನಡೆದಿದೆ. ಬೆಂಗಳೂರಿನ ಬ್ಲ್ಯಾಕ್ ಬಾಜಾ ಕಾಫಿ ಸಂಸ್ಥೆಯು ಕಾಡುಮರದ ನೆರಳನ್ನು ಉಳಿಸಿಕೊಳ್ಳುವ ಸೋಲಿಗ ಬೆಳೆಗಾರರಿಂದ ಕಾಫಿ ಕೊಳ್ಳುತ್ತಿದೆ. ಸೋಲಿಗರದೇ ಉತ್ಪಾದಕರ ಕಂಪನಿಯೂ ಹುಟ್ಟಿಕೊಂಡಿದೆ. ಪದ್ಮನಾಭನಗರದಂತಹ ಬಡಾವಣೆಗಳಲ್ಲಿ ದಿನವೂ ಇಳಿಯುವ ಡಿಕಾಕ್ಷನ್ ಎಷ್ಟೆಂದು ಯೋಚಿಸಿದರೆ, ಕೆಲವು ಪೋಡುಗಳ ಕಾಫಿಗೆ ಗಿರಾಕಿ ಸಿಗದೆಂಬ ಭಯವಿಲ್ಲ. (ಅದರಲ್ಲಿ ಚಿಕೋರಿ ಎಷ್ಟೆಂಬುದು ಬೇರೆ ಮಾತು!) ಕಷ್ಟವಿರುವುದು ಒಂದೇ ಗುಣಮಟ್ಟದ ಮಾಲನ್ನು ವರ್ಷ ವರ್ಷವೂ ಒದಗಿಸುವುದರಲ್ಲಿ. ಹಣ್ಣಾದದ್ದನ್ನೇ ಆರಿಸಿ ಕೊಯ್ಯಬೇಕು, ಅಂದೇ ಪಲ್ಪ್ ಮಾಡಬೇಕು, ಪಾರ್ಚ್‌ಮೆಂಟನ್ನು ನೆಲಕ್ಕೆ ಹಾಕದೆ ಒಣಗಿಸಬೇಕು. ಹಲವು ಮನೆಗಳಿಗೆ ಸೇರಿ ಒಂದು ಪಲ್ಪರ್ ಇದ್ದರೆ ಇದು ಸಾಧ್ಯ. ಪಲ್ಪಿಂಗ್ ನೀರು ಮಾತ್ರ ಹಳ್ಳಕ್ಕೆ ಹರಿಯದಂತೆ ಇಂಗುಗುಂಡಿ ತೋಡಲೇಬೇಕು. ಕೆಳಗೆ ಅದೇ ನೀರನ್ನು ಆನೆ, ಕಾಟಿಗಳು ಕುಡಿಯುತ್ತವೆ.

ಬೆಲೆ ಸಿಗದೆ ಹೋದರೆ ಏನಾಗುತ್ತದೆಂಬುದಕ್ಕೆ ನಮ್ಮ ಮಲೆನಾಡಿನ ತೋಟಗಳೇ ಉದಾಹರಣೆ: ಹಳೆಯ ನೆರಳಿನ ಮರಗಳು ಇಳಿದು ಸಾಲಾಗಿ ಸಿಲ್ವರ್ ಓಕ್ ಬಂತು. ಬೆಟ್ಟದ ಪೋಡುಗಳಲ್ಲಿ ಆ ಕಾಡುಮರಗಳು ಇನ್ನೂ ನಿಂತಿವೆ. ಅಲ್ಲಿ ಹಣ್ಣು ಕೊಯ್ಲು ಹೆಚ್ಚಾಗಿ ನವೆಂಬರಿನಿಂದ ಜನವರಿಯವರೆಗೆ. ವ್ಯಾಪಾರಿಯ ಮುಂಗಡ ಪೋಡಿಗೆ ಬರುವುದು ಅದಕ್ಕೂ ಮೊದಲು, ಮಳೆಗಾಲದ ಕೈಬರಿದಾದ ದಿನಗಳಲ್ಲಿ. ಸಂಘದ ಮುಂಗಡವೂ ಆ ದಿನಗಳಲ್ಲೇ ತಲುಪಬೇಕಾಗುತ್ತದೆ.